ಮೊಲಗಳ ಏಕಾದಶಿ

ವಿಜ್ಞಾನವು ಮನುಷ್ಯನನ್ನು ರಾಗದ್ವೇಷಗಳಿಂದ ಬಿಡಿಸಿ, ಸತ್ಯವೊಂದೇ ಕಾಣುವ ಎತ್ತರಕ್ಕೆ ಒಯ್ಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನನ್ನು ಅದು ಪುಣೆಯ ಶಿವಾಜಿನಗರದಲ್ಲಿದ್ದ ಒಂದು ಹಳೆಯ ಬಂಗಲೆಯ ಮೇಲಿನ ಮಹಡಿಯವರೆಗೆ ಒಯ್ದಿತು. ಅಲ್ಲಿ ಹನ್ನೆರಡು ಮೊಲಗಳಿದ್ದವು, ಮತ್ತು ಅನಂತ ಕಟ್ಟಿ ಇದ್ದ.

ಕಳೆದ ವಾರ ಕಾಲಿಗೆ ಮೊಳೆ ಚುಚ್ಚಿತೆಂದು ಇಲ್ಲಿ ಧಾರವಾಡದಲ್ಲಿ ದವಾಖಾನೆಗೆ ಹೋಗಿದ್ದೆ. ನರ್ಸಬಾಯಿ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ತಣ್ಣನೆಯ ಘಾಟು ಮೂಗಿಗೆ ಏರಿದ್ದೇ ತಡ, ಯುದ್ಧಕಾಲದ ಒಂದು ಆಷಾಢ ಇಡಿಯಾಗಿ ಎದ್ದು ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತಿತು. ನನ್ನ ಮುಖ ನೋಡಿ ಆಕೆ, "ನೋವಾತೇನ್ರೀ ಅಜ್ಜಾರ? ಇನ್ನೂ ಸೂಜಿನs ಹಾಕಿಲ್ಲ" ಅಂದಳು. ಹಳೆಯ ನೋವು ಎಂದು ಹೇಳಿದರೆ ಇನ್ನೊಂದು ಸೂಜಿ ಹಾಕಿಯಾಳೆಂದು ಸುಮ್ಮನಿದ್ದೆ.

ಆ ಕಾಲದಲ್ಲಿ ಹಡಗುಗಳು ಬರುವುದು ಅಪರೂಪವಾಗಿ, ಪುಣೆಯ ಕ್ಯಾಂಪಿನ ಔಷಧದಂಗಡಿಗಳಲ್ಲಿ ವಿಲಾಯತಿ ಮದ್ದುಗಳ ಕಪಾಟುಗಳು ಒಂದೊಂದಾಗಿ ಬೋಳಾಗುತ್ತಿದ್ದವು. ಹಾಗೆ ಕಾಣೆಯಾದವುಗಳಲ್ಲಿ ಇನ್ಸುಲಿನ್ ಒಂದು. ಸಿಹಿಮೂತ್ರದ ರೋಗಿಗಳ ದೇಹದಲ್ಲಿ ಸಾಕಷ್ಟು ಹುಟ್ಟದೆ ಹೋಗುವ ರಸ ಅದು. ಕೆಲವರಿಗೆ ದಿನಾಲು ಚುಚ್ಚಿಸಿಕೊಂಡರೆ ಬದುಕು, ಇಲ್ಲವಾದರೆ ಇಲ್ಲ. ಪ್ರಾಣಿಗಳ ಜಠರದ ಹಿಂದೆ ನಾಲಿಗೆಯ ಹಾಗೆ ಮಲಗಿರುವ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಾರೆ. ವಿಲಾಯತಿ ಪ್ರಾಣಿಗಳಿಗಿರುವ ಗ್ರಂಥಿ ನಮ್ಮ ಕುರಿಗೂ ಎಮ್ಮೆಗೂ ಇದೆಯಲ್ಲ ಎಂಬ ಸರಳ ವಿಚಾರ ನಮ್ಮ ಡಾಕ್ಟರ್ ಸಾಹೇಬರ ತಲೆಯನ್ನು ಹೊಕ್ಕಿತು. ಅವರು ತಮ್ಮ ಬಂಗಲೆಯಲ್ಲೇ ಒಂದು ಸಣ್ಣ ಔಷಧಶಾಲೆ ಇಟ್ಟುಕೊಂಡಿದ್ದ ಮರಾಠಿ ಗೃಹಸ್ಥರು. ಕೆಮ್ಮಿನ ಕಷಾಯ, ಗಾಯದ ಮುಲಾಮು ಎಂದು ನೆಮ್ಮದಿಯಿಂದಿದ್ದ ನಮ್ಮನ್ನು ಕರೆದು, "ಇನ್ನು ಮೇಲೆ ಇನ್ಸುಲಿನ್" ಎಂದರು.

ನಾವು ಎಂದರೆ ಇಬ್ಬರು ರಸಾಯನಜ್ಞರು. ಧಾರವಾಡದಿಂದ ಬಂದು ಅಲ್ಲಿ ಆರು ವರ್ಷ ಬೇರುಬಿಟ್ಟಿದ್ದ ನಾನು, ಬೆಳಗಾವಿಯಿಂದ ಬಂದು ವರ್ಷವೂ ತುಂಬದ ಕಟ್ಟಿ. ಎದುರಿಗೆ ನಾನವನನ್ನು ಬಹುವಚನದಲ್ಲಿ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಏಕವಚನವೇ ಹೆಚ್ಚಾಗುತ್ತಿತ್ತು. ಈ ಬರಹದಲ್ಲಿ ಮನಸ್ಸಿನ ಪದ್ಧತಿಯನ್ನೇ ಅನುಸರಿಸಿದ್ದೇನೆ.

ಅವನ ಮೇಲೆ ನನಗಿದ್ದ ದೂರುಗಳನ್ನು ನ್ಯಾಯವಾಗಿ ಹೇಳಬೇಕು. ಅವನು ಬುದ್ಧಿವಂತ. ಅದೊಂದೇ ಸಾಕಿತ್ತು. ಅದರ ಮೇಲೆ ಒಳ್ಳೆಯವನೂ ಆಗಿದ್ದ. ಬುದ್ಧಿವಂತನಾದವನು ತುಸು ಸೊಕ್ಕಿನವನಾಗಿದ್ದರೆ ಉಳಿದವರಿಗೆ ಬದುಕಲು ಒಂದು ದಾರಿ ಇರುತ್ತದೆ. ಆ ದಾರಿಯನ್ನೂ ಅವನು ಮುಚ್ಚಿಬಿಟ್ಟಿದ್ದ. ನಾನು ಎರಡು ದಿನ ಸೋಸಿದರೂ ಮಬ್ಬಾಗಿಯೇ ಉಳಿಯುವ ದ್ರವ ಅವನ ಕೈಯಲ್ಲಿ ಒಂದು ಮಧ್ಯಾಹ್ನಕ್ಕೆ ತಿಳಿಯಾಗುತ್ತಿತ್ತು. ಹೇಗೆ ಎಂದು ಕೇಳಿದರೆ ಮುಚ್ಚಿಡದೆ ಹೇಳಿಬಿಡುತ್ತಿದ್ದ. ಆದ್ದರಿಂದ ನಾನು ಕೇಳುತ್ತಿರಲಿಲ್ಲ.

ಆ ಗ್ರಂಥಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದರೊಳಗೆ ಇನ್ಸುಲಿನ್ನೂ ಇದೆ, ಇನ್ಸುಲಿನ್ನನ್ನು ತಿಂದುಹಾಕುವ ಪಚನರಸವೂ ಇದೆ. ಪ್ರಾಣಿ ಸತ್ತ ಗಳಿಗೆಯಿಂದ ಎರಡನೆಯದು ಮೊದಲನೆಯದನ್ನು ತಿನ್ನಲು ಆರಂಭಿಸುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರು ರಸಾಯನಜ್ಞರನ್ನು ಇಟ್ಟ ಹಾಗೆ. ಇದನ್ನು ತಡೆಯಬೇಕಾದರೆ ಗ್ರಂಥಿಯನ್ನು ಆದಷ್ಟು ಬೇಗ ಕೊಚ್ಚಿ, ಆಮ್ಲ ಬೆರೆಸಿದ ಸ್ಪಿರಿಟ್ಟಿನಲ್ಲಿ ಮುಳುಗಿಸಬೇಕು. ಎಷ್ಟು ಬೇಗ ಎಂಬುದರಲ್ಲಿಯೇ ನನಗೂ ಕಟ್ಟಿಗೂ ಇದ್ದ ಅಂತರವೆಲ್ಲ ಅಡಗಿತ್ತು.

ನನ್ನ ಕ್ರಮ ಹೀಗಿತ್ತು: ಬೆಳಿಗ್ಗೆ ಸೈಕಲ್ ಹತ್ತಿ ಕ್ಯಾಂಪಿನ ಕಸಾಯಿಖಾನೆಗೆ ಹೋಗುವುದು, ಗೇಟಿನ ಹೊರಗೆ ಅರಳಿ ಮರದ ಕೆಳಗೆ ನಿಂತು ಉತ್ತರೀಯದಿಂದ ಮೂಗು ಮುಚ್ಚಿಕೊಳ್ಳುವುದು, ಒಳಗೆ ಕೊಯ್ಯುವ ಉಸ್ತಾದರು ತಮ್ಮ ಕೆಲಸ ಮುಗಿಸಿ ಬಿಡುವಾದಾಗ ತಂದುಕೊಡುವ ಗ್ರಂಥಿಗಳನ್ನು ಮುಟ್ಟದೆ ಬರ್ಫದ ಡಬ್ಬಿಯಲ್ಲಿ ಹಾಕಿಸಿಕೊಂಡು, ಸಂಗಮ ಪುಲ ದಾಟಿ ಔಷಧಶಾಲೆಗೆ ಬರುವುದು. ನಾನು ವೈಷ್ಣವ ಮನೆತನದವನು. ಗೇಟಿನ ಹೊರಗೆ ನಿಂತರೆ ಒಳಗೆ ಹೋದಂತಲ್ಲ ಎಂದು ನನಗೆ ನಾನೇ ವ್ಯವಸ್ಥೆ ಕೊಟ್ಟುಕೊಂಡಿದ್ದೆ. ಉಸ್ತಾದರಿಗೆ ಬಿಡುವಾಗಲು ಮುಕ್ಕಾಲು ತಾಸು ಹಿಡಿಯುತ್ತಿತ್ತು. ಅಷ್ಟರಲ್ಲಿ ಪಚನರಸವು ತನ್ನ ಊಟ ಮುಗಿಸಿ ಎಲೆ ಎತ್ತುತ್ತಿತ್ತು.

ಕಟ್ಟಿಯೂ ಅದೇ ಮನೆತನದವನೇ. ಅವನು ಜ್ಯೇಷ್ಠದ ಒಂದು ಬೆಳಿಗ್ಗೆ ಕೊಚ್ಚುವ ಯಂತ್ರವನ್ನೂ ಸ್ಪಿರಿಟ್ಟಿನ ಬಾಟಲಿಯನ್ನೂ ಟಾಂಗಾದಲ್ಲಿಟ್ಟುಕೊಂಡು ನೇರ ಒಳಗೆ ಹೋಗಿ, ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಕುಳಿತುಬಿಟ್ಟ. ಗ್ರಂಥಿ ಬಿಸಿ ಆರುವ ಮೊದಲೇ ಅವನ ಕೈಯಲ್ಲಿ, ಕೈಯಿಂದ ಯಂತ್ರದಲ್ಲಿ, ಯಂತ್ರದಿಂದ ಸ್ಪಿರಿಟ್ಟಿನಲ್ಲಿ. ಒಂದು ವಾರದಲ್ಲಿ ಉಸ್ತಾದರು ಅವನಿಗೆ ಚಹಾ ತರಿಸುವಷ್ಟು ಸ್ನೇಹವಾಯಿತು. ಸದಾಶಿವ ಪೇಟೆಯಲ್ಲಿ ಅವನು ಉಣ್ಣುತ್ತಿದ್ದ ಖಾನಾವಳಿಯವರಿಗೆ ಸುದ್ದಿ ಮುಟ್ಟಿ, ಮೊದಲು ಅವನ ಎಲೆಯನ್ನು ದೂರ ಹಾಕಿದರು, ಆಮೇಲೆ ಹಾಕುವುದನ್ನೇ ಬಿಟ್ಟರು. ಅವನು ನಗುತ್ತಾ ಚುರಮುರಿ ತಿಂದುಕೊಂಡಿದ್ದ. ಈ ಕಥೆಯನ್ನು ನಾನು ಮನೆಯಲ್ಲಿ ಹೇಳಿದ್ದು ನನ್ನ ಹೆಂಡತಿ ಸುಶೀಲೆ ಅವನನ್ನು ಹೇಸಲಿ ಎಂದು. ಆಕೆ ಅವನನ್ನು ರವಿವಾರದ ಊಟಕ್ಕೆ ಕರೆದಳು.

ಶನಿವಾರ ಪೇಟೆಯ ವಾಡೆಯೊಂದರಲ್ಲಿ ನಮ್ಮದು ಮೇಲಿನ ಎರಡು ಕೋಣೆ. ಆಷಾಢದ ಜಿಟಿಜಿಟಿ ಮಳೆಗೆ ಅಂಗಳವೆಲ್ಲ ಪಾಚಿ. ಕಟ್ಟಿ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಸುಶೀಲೆ ಮೇಲಿನಿಂದಲೇ ತಡೆದಳು.

"ಕಟ್ಟಿಯವರ, ಮೊದಲ ನಳದ ಕೆಳಗ ಕೂಡ್ರಿ. ಆಮ್ಯಾಲೆ ಮಾತು."

"ವೈನಿ, ಮುಂಜಾನಿಂದ ಎರಡು ಸ್ನಾನ ಆಗ್ಯಾವ್ರೀ."

"ಅವು ನಿಮ್ಮ ಸಮಾಧಾನಕ್ಕ. ಮೂರನೇದು ನನ್ನ ಸಮಾಧಾನಕ್ಕ."

ಅವನು ಮಳೆಯಲ್ಲೇ ನಳದ ಕೆಳಗೆ ಕುಳಿತು, ನಡುಗುತ್ತಾ ನಗುತ್ತಾ ಮೇಲೆ ಬಂದು, ನನ್ನ ಧೋತರ ಉಟ್ಟು, ನನ್ನ ಮಣೆಯ ಮೇಲೆ ಕುಳಿತು, ಬದನೆಕಾಯಿ ಎಣಗಾಯಿಯೊಡನೆ ಐದು ಭಕ್ರಿ ತಿಂದ. ನನಗೆ ಅಷ್ಟು ದೊಡ್ಡ ಬದನೆಕಾಯಿ ಎಂದೂ ಬಿದ್ದಿರಲಿಲ್ಲ. ಅವನು ಹೋದಮೇಲೆ ಸುಶೀಲೆ ಎಲೆ ತೆಗೆಯುತ್ತಾ ಕೇಳಿದಳು:

"ಅಲ್ರೀ, ಅವರು ಒಳಗ ಹೋಗಿ ಕುಂತು ಕೆಲಸಾ ಮಾಡ್ತಾರ. ನೀವು ಗೇಟಿನ್ಯಾಗ ನಿಂತು ಮೂಗು ಹಿಡಕೊಂಡು ಬರ್ತೀರಿ. ಮನಿಗೆ ಬಂದಮ್ಯಾಲೆ ಸ್ನಾನ ಅಂತೂ ಇಬ್ಬರಿಗೂ ತಪ್ಪಿಲ್ಲ. ಹಂಗಾರ ನೀವೂ ಒಳಗ ಹೋಗಿದ್ರ ಏನಾಗ್ತಿತ್ತು?"

"ಆಚಾರ ಅಂತ ಒಂದು ಇರತದ."

"ಆಚಾರ ಗೇಟಿನ ಹೊರಗ ನಿಲ್ಲತದೇನ್ರೀ? ಒಳಗಿಂದು ಡಬ್ಬಿ ತುಂಬಿ ನೀವs ತರ್ತೀರಲ್ಲ!"

ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿದ್ದೀತು. ಅಂದು ಸಂಜೆ ಕಾರಣವಿಲ್ಲದೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಜಗಳ ತೆಗೆದೆ.

ವಾಡೆಯ ಕೆಳಗಿನ ಕೋಣೆಗಳಲ್ಲಿ ಹಂಪಿಹೊಳಿ ಮಾಸ್ತರರು ಮಗಳು-ಅಳಿಯನ ಜೊತೆ ಇದ್ದರು. ಗದಗಿನ ಕಡೆ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು. ಅವರಿಗೆ ಸಕ್ಕರೆ ಬೇನೆ; ದಿನಕ್ಕೆ ಎರಡು ಸಲ ಇನ್ಸುಲಿನ್. ಅವರ ಅಳಿಯ ಊರೆಲ್ಲ ಅಲೆದು ಕೂಡಿಹಾಕಿದ್ದ ಸಣ್ಣ ಬಾಟಲಿಗಳನ್ನು ಒಂದು ಮಣ್ಣಿನ ಕೊಡದಲ್ಲಿ ತಂಪಾಗಿಟ್ಟಿದ್ದರು. ಹೆಚ್ಚೆಂದರೆ ಶ್ರಾವಣದ ನಡುವಿನವರೆಗೆ ಸಾಕಾಗುವಷ್ಟು. ನಾನು ಸೈಕಲ್ ಇಳಿದಾಗಲೆಲ್ಲ ಅವರು ಕಿಟಕಿಯಿಂದ ಕರೆಯುತ್ತಿದ್ದರು.

"ಏನಪಾ ಕುಲಕರ್ಣಿ, ನಿಮ್ಮಿಬ್ಬರ ಕುಸ್ತಿ ಎಲ್ಲೀತನಕ ಬಂತು?"

"ಕುಸ್ತಿ ಏನಿಲ್ರೀ ಮಾಸ್ತರ. ಸಂಶೋಧನ."

"ಆತು, ಸಂಶೋಧನ ಅಂತನs ಅನ್ನು. ನಿಮ್ಮ ಸಂಶೋಧನ ಮುಗಿಯೂದರಾಗ ನನ್ನ ಕೊಡ ಬರಿದಾಗಬಾರದು ನೋಡು. ಆಮ್ಯಾಲೆ ನೀ ಗೆದ್ದರ ನಾ ಚಪ್ಪಾಳಿ ಹ್ಯಾಂಗ ಹೊಡೀಲಿ?"

ಆಷಾಢ ಹಿಡಿಯುತ್ತಿದ್ದಂತೆ ಡಾಕ್ಟರ್ ಸಾಹೇಬರು ತೀರ್ಮಾನ ಹೇಳಿದರು. ಎರಡು ಕ್ರಮಗಳನ್ನೂ ನಡೆಸುವಷ್ಟು ಸ್ಪಿರಿಟ್ಟೂ ಇಲ್ಲ, ಬಾಟಲಿಗಳೂ ಇಲ್ಲ. ಇಬ್ಬರೂ ಜ್ಯೇಷ್ಠದಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ತಮ್ಮ ತಮ್ಮ ಕ್ರಮದಿಂದ ಒಂದೊಂದು ದೊಡ್ಡ ಬಾಟಲಿ ತಯಾರಿಸಬೇಕು. ಮೊಲಗಳ ಮೇಲೆ ಪರೀಕ್ಷೆಯಾಗಬೇಕು. ಯಾರದು ಹೆಚ್ಚು ಬಲವೋ ಅವರ ಕ್ರಮವೇ ಮುಂದೆ. ಅವರೇ ವಿಭಾಗದ ಮುಖ್ಯಸ್ಥರು, ಇನ್ನೊಬ್ಬರು ಅವರ ಸಹಾಯಕರು. ತನ್ನ ಔಷಧವನ್ನು ತಾನೇ ಪರೀಕ್ಷಿಸಬಾರದು. ನನ್ನದನ್ನು ಕಟ್ಟಿ, ಕಟ್ಟಿಯದನ್ನು ನಾನು. ಸಾಹೇಬರು ಇದನ್ನು ನಿಷ್ಪಕ್ಷಪಾತಕ್ಕಾಗಿ ಮಾಡಿದ್ದರು. ಮನುಷ್ಯಸ್ವಭಾವದ ಬಗ್ಗೆ ದೊಡ್ಡವರ ಅಭಿಪ್ರಾಯ ಒಳ್ಳೆಯದಿರುತ್ತದೆ.

ಪರೀಕ್ಷೆ ಸರಳ. ಮೊಲಗಳನ್ನು ಒಂದು ಹಗಲು ಒಂದು ರಾತ್ರಿ ಹಸಿವಿನಲ್ಲಿಟ್ಟು, ಮರುದಿನ ಔಷಧ ಚುಚ್ಚಿ, ತಾಸಿಗೊಮ್ಮೆ ಕಿವಿಯ ನರದಿಂದ ಹನಿ ರಕ್ತ ತೆಗೆದು ಸಕ್ಕರೆ ಎಷ್ಟು ಇಳಿಯಿತೆಂದು ನೋಡುವುದು. ಔಷಧ ಜೋರಾಗಿದ್ದರೆ ಮೊಲ ಅದುರಿ ಬೀಳುತ್ತದೆ. ಕೂಡಲೇ ಗ್ಲೂಕೋಸ್ ಕೊಟ್ಟರೆ ಎದ್ದು ಕುಳಿತು ಕಿವಿ ಕೆರೆದುಕೊಳ್ಳುತ್ತದೆ. ನಿಯಮದ ಪ್ರಕಾರ ಪ್ರತಿ ಸಲವೂ ಅರ್ಧ ಮೊಲಗಳಿಗೆ ವಿಲಾಯತಿ ಇನ್ಸುಲಿನ್ ಚುಚ್ಚಿ ಹೋಲಿಸಿ ನೋಡಬೇಕು. ಆದರೆ ಸಾಹೇಬರ ಬಳಿ ಅದು ಒಂದೇ ಬಾಟಲಿ ಉಳಿದಿತ್ತು. ರೋಗಿಗಳಿಗೆ ಇಲ್ಲದ್ದನ್ನು ಮೊಲಗಳಿಗೆ ಹೇಗೆ ಕೊಡುವುದೆಂದು ಆ ಹೋಲಿಕೆಯನ್ನು ಬಿಟ್ಟೆವು. ಎಲ್ಲರಿಗೂ ಅದು ಮಾನವೀಯವಾಗಿ ಕಂಡಿತು.

ಮೊದಲು ನನ್ನ ಔಷಧದ ಪರೀಕ್ಷೆ. ಮೂರನೆಯ ತಾಸಿಗೆ ಒಂದು ಮೊಲ ಅದುರಿತು. ಕಟ್ಟಿ ಗ್ಲೂಕೋಸ್ ಕುಡಿಸಿ, ಅದನ್ನು ಎದೆಗೆ ಅವಚಿಕೊಂಡು ವರಾಂಡದಲ್ಲಿ ಓಡಿ ಬಂದ.

"ಕುಲಕರ್ಣಿಯವರ, ಕೆಲಸಾ ಮಾಡ್ತದ್ರೀ ನಿಮ್ಮದು! ಬರ್ರಿ, ನೋಡ್ ಬರ್ರಿ! ಉಳಿದ ಮೊಲದಾಗೂ ಇಳದದ!"

ತಮ್ಮ ಮಗ ಮ್ಯಾಟ್ರಿಕ್ ಪಾಸಾದವರ ಮುಖ ಹಾಗಿರುತ್ತದೆ. ಇಂಥವನನ್ನು ಏನು ಮಾಡಬೇಕು? ನನ್ನ ಗೆಲುವನ್ನೂ ನನಗಿಂತ ಚೆನ್ನಾಗಿ ಅವನೇ ಅನುಭವಿಸುತ್ತಿದ್ದ.

ಅವನ ಔಷಧದ ಸರದಿ ಮರುವಾರ ಶುಕ್ರವಾರಕ್ಕೆ ಬಂತು. ಎಂದರೆ ಮೊಲಗಳು ಗುರುವಾರ ಹಸಿದಿರಬೇಕು. ಆ ಗುರುವಾರ ಆಷಾಢ ಶುದ್ಧ ಏಕಾದಶಿ.

ನಮ್ಮ ಮನೆಯ ಏಕಾದಶಿ ಎಂದರೆ ನೀರು ಕೂಡ ಇಲ್ಲ. ಉಗುಳು ನುಂಗುವಾಗಲೂ ಒಮ್ಮೆ ವಿಚಾರ ಮಾಡಬೇಕು. ಪುಣೆಯ ಏಕಾದಶಿ ಬೇರೆ. ಅಲ್ಲಿ ಅಂದು ಫರಾಳ ಎಂಬ ಉಪವಾಸದ ತಿಂಡಿ: ಸಾಬೂದಾಣಿ ಖಿಚಡಿ, ಬೇಯಿಸಿದ ಗೆಣಸು, ಸೇಂಗಾ, ಖಜೂರ, ಮೊಸರು. ಉಪವಾಸದ ದಿನ ವಾಡೆಯ ಎಲ್ಲ ಒಲೆಗಳೂ ಉಳಿದ ದಿನಗಳಿಗಿಂತ ಹೆಚ್ಚು ಹೊತ್ತು ಉರಿಯುತ್ತಿದ್ದವು. ನಾನೂ ಸುಶೀಲೆಯೂ ಒಣಗಿದ ಗಂಟಲಿನಲ್ಲಿ ಕುಳಿತು ಆ ಜೀರಿಗೆ ಒಗ್ಗರಣೆಯ ವಾಸನೆ ಕುಡಿದು, "ಇವರದೇನು ಉಪವಾಸರೀ, ಮದಿವಿ ಮನಿ ಆಗೇದ" ಎಂದು ಆಚಾರದ ಹೆಮ್ಮೆಯಿಂದ ಹೊಟ್ಟೆ ತುಂಬಿಕೊಳ್ಳುತ್ತಿದ್ದೆವು.

ಮೊಲಗಳನ್ನು ನೋಡಿಕೊಳ್ಳುತ್ತಿದ್ದವನು ಸಖಾರಾಮ. ಮಂಗಳವೇಢೆಯ ಕಡೆಯವನು, ವಯಸ್ಸು ಅರವತ್ತರ ಮೇಲೆ, ಕೊರಳಲ್ಲಿ ತುಳಸಿಮಾಲೆ. ಅರ್ಧ ಕನ್ನಡ, ಅರ್ಧ ಮರಾಠಿ. ಪ್ರತಿ ವರ್ಷ ಪಂಢರಪುರಕ್ಕೆ ನಡೆದುಹೋಗುತ್ತಿದ್ದವನು ಆ ವರ್ಷ ಮೊಣಕಾಲು ಬಾತು ಹೋಗಲಾಗದೆ ಉಳಿದಿದ್ದ. ಹೋಗಲಾಗದ ಭಕ್ತಿಯೆಲ್ಲ ಅವನೊಳಗೆ ಕಟ್ಟಿಕೊಂಡು ನಿಂತಿತ್ತು. ಗುರುವಾರ ಬೆಳಿಗ್ಗೆ ನಾನು, "ಸಖಾರಾಮ, ಇವತ್ತು ಇವಕ್ಕೂ ಉಪವಾಸ. ನಾಳೆ ಪರೀಕ್ಷಾ ಅದ" ಎಂದೆ. ಬೇರೆ ಸಲ ಮೊಲಗಳನ್ನು ಹಸಿವಿನಲ್ಲಿಡಲು ಹೇಳಿದರೆ ಗೊಣಗುತ್ತಿದ್ದವನು ಅಂದು ಕೈಮುಗಿದು, "ಏಕಾದಶಿ ದಿವಸ ಬಂತಲ್ರೀ ಸಾಹೇಬ್! ಮೂಕ ಪ್ರಾಣಿಗೂ ಪುಣ್ಯ ಹತ್ತಲಿ" ಎಂದ. ಮನೆಗೆ ಹೋಗಿ ನಾನೂ ಬಾಯಿ ಮುಚ್ಚಿಕೊಂಡು ಮಲಗಿದೆ.

ಶುಕ್ರವಾರ ಡಾಕ್ಟರ್ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕುಳಿತರು. ಚುಚ್ಚುವ ಮೊದಲು ತೆಗೆದ ರಕ್ತದಲ್ಲಿ ಸಕ್ಕರೆ ಹಸಿದ ಮೊಲಕ್ಕೆ ಇರಬೇಕಾದುದಕ್ಕಿಂತ ತುಸು ಹೆಚ್ಚೇ ಇತ್ತು. ನನ್ನ ಕಣ್ಣು ಅದನ್ನು ನೋಡಿತು, ನಾನು ನೋಡಲಿಲ್ಲ. ಮಳೆಗಾಲದ ಥಂಡಿ ಇರಬೇಕು ಎಂದು ಬರೆದುಕೊಂಡೆ. ಔಷಧ ಚುಚ್ಚಿದೆ. ಒಂದು ತಾಸು, ಎರಡು, ಮೂರು. ಕಟ್ಟಿಯ ಮೊಲಗಳು ಮದುಮಕ್ಕಳ ಹಾಗೆ ಕಣ್ಣು ಹೊಳೆಯಿಸುತ್ತಾ ಕುಳಿತಿದ್ದವು. ಒಂದು ಮುಖ ತೊಳೆದುಕೊಳ್ಳುತ್ತಿತ್ತು. ಸಕ್ಕರೆ ಇಳಿಯುವ ಲಕ್ಷಣವಿಲ್ಲ.

ಆ ಮೂರು ತಾಸು ನನ್ನ ಆಯುಷ್ಯದಲ್ಲಿ ಮರಳಿ ಬರಲಿಲ್ಲ. ನಾನು ಶ್ರಾದ್ಧಕ್ಕೆ ಕುಳಿತವನ ಮುಖ ಮಾಡಿಕೊಂಡು ಅಂಕಿಗಳನ್ನು ಓದಿ ಹೇಳುತ್ತಿದ್ದೆ. ಒಳಗೆ ವಾಲಗ ಊದುತ್ತಿತ್ತು. ಡಾಕ್ಟರ್ ಸಾಹೇಬರು ಎದ್ದು, ಕಟ್ಟಿಯ ಬಾಟಲಿಯನ್ನು ಬೆಳಕಿಗೆ ಹಿಡಿದು, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: "ಪಾಣೀ." ನೀರು. ಸೋಮವಾರ ಅದನ್ನು ಚೆಲ್ಲಿ ಬಾಟಲಿ ತೊಳೆದಿಡಬೇಕು, ಕುಲಕರ್ಣಿಯವರ ಕ್ರಮ ನಡೆಯಲಿ ಎಂದು ಹೇಳಿ ಕೆಳಗಿಳಿದರು. ಆ ಕಾಲದಲ್ಲಿ ದೊಡ್ಡ ಗಾಜಿನ ಬಾಟಲಿ ಸಿಗುವುದು ಕಷ್ಟವಿತ್ತು.

ಕಟ್ಟಿ ಬಾಟಲಿಯನ್ನು ಬರ್ಫದ ಪೆಟ್ಟಿಗೆಯಲ್ಲಿಟ್ಟು, "ಎಲ್ಲೋ ನನ್ನ ಕೈ ತಪ್ಪೇದ್ರೀ. ಎಲ್ಲಿ ಅಂತ ಗೊತ್ತಾಗವಲ್ದು" ಎಂದಷ್ಟೇ ಹೇಳಿದ.

ಮಧ್ಯಾಹ್ನ ಮೊಲಗಳ ತೂಕ ಬರೆದುಕೊಳ್ಳಲು ಹೋದೆ. ಒಂದು ಪಂಜರದಲ್ಲಿ ಹಾಸಿದ ಕಟ್ಟಿಗೆ ಪುಡಿಯಡಿ ಕೆಂಪಗೆ ಏನೋ ಕಂಡಿತು. ಎಳೆದೆ. ಗೆಣಸಿನ ಸಿಪ್ಪೆ. ಪಕ್ಕದ ಪಂಜರದಲ್ಲೂ. ಅದರ ಪಕ್ಕದಲ್ಲೂ.

"ಸಖಾರಾಮ, ಇದೇನು?"

"ರತಾಳೇ, ಸಾಹೇಬ್. ಗೆಣಸು."

"ಗೆಣಸು ಅಂತ ನನಗೂ ಗೊತ್ತದ. ಇಲ್ಲಿ ಹ್ಯಾಂಗ ಬಂತು?"

"ಏಕಾದಶಿ ಫರಾಳ. ಸಾಬೂದಾಣಿ ಇಟ್ಟು ನೋಡಿದೆ, ಮೂಸಿ ಬಿಟ್ಟವು. ಗೆಣಸು ಭಾಳ ಖುಷೀಲೆ ತಿಂದವು. ಔಷಧಶಾಲೀದಲ್ರೀ, ನನ್ನ ಪಾಲಿಂದು."

"ಏನೂ ಕೊಡಬಾರದಿತ್ತಲ್ಲೋ! ಹೋದ ವಾರ ಕೊಟ್ಟಿದ್ದಿಲ್ಲ!"

"ಹೋದ ವಾರ ಹಸದದ್ದು ಸಾಹೇಬರ ಸಲುವಾಗಿ. ಆವಾಗ ನಾನು ಒಂದು ಎಲೀನಾರ ಕೊಟ್ಟೆನೇನ್ರೀ? ನಿನ್ನೆ ಹಸದದ್ದು ಪಾಂಡುರಂಗನ ಸಲುವಾಗಿ. ಅವನ ಉಪವಾಸದಾಗ ಗೆಣಸು ನಡೀತದ, ಸೇಂಗಾ ನಡೀತದ. ಅವನs ನಡಸ್ಯಾನ, ನಾವು ಬ್ಯಾಡ ಅನ್ನಾವ್ರು ಯಾರ್ರೀ?" ಅವನು ನನ್ನನ್ನು ಧರ್ಮದ ಗಂಧವಿಲ್ಲದವನನ್ನು ನೋಡುವ ಹಾಗೆ ನೋಡಿದ.

ಗೆಣಸು ಎಂದರೆ ಪಿಷ್ಟ, ಪಿಷ್ಟವೆಂದರೆ ಹೊಟ್ಟೆಯಲ್ಲಿ ಸಕ್ಕರೆ. ಬೆಳತನಕ ಗೆಣಸು ಮೆಂದ ಮೊಲಕ್ಕೆ ಜಗತ್ತಿನ ಯಾವ ಇನ್ಸುಲಿನ್ ಚುಚ್ಚಿದರೂ ಅದು ಮುಖ ತೊಳೆದುಕೊಂಡೇ ಕೂರುತ್ತದೆ. ಕಟ್ಟಿಯ ಬಾಟಲಿಯಲ್ಲಿದ್ದದ್ದು ನೀರಾಗಿರಲಿಕ್ಕಿಲ್ಲ. ಇದು ಆ ಗಳಿಗೆಯಲ್ಲಿ ಇಡೀ ಪುಣೆಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ನಾನು ಸಿಪ್ಪೆಗಳನ್ನು ಆರಿಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಸಂಗಮ ಪುಲದ ಮೇಲಿನಿಂದ ನದಿಗೆ ಎಸೆದೆ. ಮಳೆಗೆ ನದಿ ತುಂಬಿ ಹರಿಯುತ್ತಿತ್ತು.

ಸುಮ್ಮನಿದ್ದುದಕ್ಕೆ ನನ್ನ ಬಳಿ ಕಾರಣಗಳಿದ್ದವು. ಯಾವ ವಕೀಲನೂ ನಾಚುವಂಥವು. ನನ್ನ ಪರೀಕ್ಷೆ ಸರಿಯಾಗಿತ್ತು, ಅವನದು ಕೆಟ್ಟಿತು; ಕೆಡಿಸಿದವನು ನಾನಲ್ಲ. ದೈವಸಂಕಲ್ಪವಿಲ್ಲದೆ ಏಕಾದಶಿ ಗುರುವಾರವೇ ಯಾಕೆ ಬರಬೇಕು? ಸತ್ಯ ಹೇಳಿದರೆ ಬಡ ಸಖಾರಾಮನ ಕೆಲಸ ಹೋದೀತು. ಈ ಕೊನೆಯ ಕಾರಣ ಹೊಳೆದಾಗ ನನ್ನ ದಯೆಗೆ ನನಗೇ ಕಣ್ಣು ತೇವವಾಯಿತು.

ಗೆದ್ದ ಸುದ್ದಿಯನ್ನು ಮನೆಯಲ್ಲಿ ಹೇಳಿದೆ. ಸುಶೀಲೆ ಹಿಟ್ಟು ಕಲೆಸುವುದನ್ನು ನಿಲ್ಲಿಸಿ, "ಹಂಗಾರ ಕಟ್ಟಿಯವರು?" ಎಂದಳು.

"ನಾ ಮುಖ್ಯಸ್ಥ ಆಗ್ತೀನಿ ಅಂತ ಹೇಳಿದ್ನಲ್ಲ."

"ಕೇಳಿಸ್ತು. ಕಟ್ಟಿಯವರು ಏನ್ ಮಾಡ್ತಾರ?"

"ಬೆಳಗಾವಿಗೆ ಹೋಗ್ತಾರಂತ. ಯಾವುದೋ ಸಾಲ್ಯಾಗ ಮಾಸ್ತರಕಿ ಅದ ಅಂತ."

ಆಕೆ ಹತ್ತು ಭಕ್ರಿ ಬಡಿದು, ಬೆಣ್ಣೆ ಸವರಿ, ಸೇಂಗಾ ಹಿಂಡಿಯ ಜೊತೆ ಕಟ್ಟಿ, "ಇದನ್ನ ಅವರಿಗೆ ಕೊಟ್ ಬರ್ರಿ" ಎಂದಳು. ಗೆದ್ದವನು ಸೋತವನ ಬುತ್ತಿ ಹೊತ್ತುಕೊಂಡು ಮಳೆಯಲ್ಲಿ ಸದಾಶಿವ ಪೇಟೆಗೆ ಹೋದ. ಕೆಳಗಿಳಿಯುವಾಗ ಮಾಸ್ತರರು ಕಿಟಕಿಯಿಂದ, "ಕಟ್ಟೀದು ನೀರಾತಂತ? ಇರಲಿ. ನಿನ್ನ ಬಾಟಲಿ ಎಷ್ಟು ಮಂದಿಗೆ ಸಾಕಾಗ್ತದ?" ಎಂದರು. ನಾನು ಲೆಕ್ಕ ಹಾಕಿದ್ದೆ. ಇಡೀ ತಿಂಗಳು ನಾನು ತಂದ ಗ್ರಂಥಿಗಳಿಂದ ಬಂದದ್ದು ಮಾಸ್ತರರೊಬ್ಬರಿಗೆ ಮೂರು ವಾರಕ್ಕೂ ಸಾಲದು. "ನೋಡೂಣ್ರೀ" ಎಂದೆ. ಅವರು ನನ್ನ ಮುಖ ನೋಡಿ, ಮುಂದೆ ಕೇಳದೆ ಕಿಟಕಿಯ ಪರದೆ ಎಳೆದರು. ಅಷ್ಟು ವರ್ಷ ಮಕ್ಕಳ ಮುಖ ಓದಿದವರು.

ಎರಡು ದಿನದಲ್ಲಿ ಕಟ್ಟಿ ಸಂತನಾದ. ಡಾಕ್ಟರ್ ಸಾಹೇಬರ ಹೆಂಡತಿ ಅವನನ್ನು ಕರೆದು ಲಾಡು ಕೊಟ್ಟರು. ಕಸಾಯಿಖಾನೆಯ ಉಸ್ತಾದರು ಔಷಧಶಾಲೆಯವರೆಗೂ ಬಂದು, "ಕಟ್ಟೀ ಸಾಬ್ ಯಾಕ ಬರ್ಲಿಲ್ಲ?" ಎಂದು ಕೇಳಿ ಹೋದರು. ನಾನು ಗೆದ್ದದ್ದು ಹುದ್ದೆಯನ್ನು ಮಾತ್ರ. ಉಳಿದದ್ದೆಲ್ಲ ಸೋಲಿನ ಜೊತೆ ಅವನ ಕಡೆಗೇ ಹೋಗಿತ್ತು. ಗೆದ್ದ ಮೇಲೂ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿ ಬರುವುದು ಎಂಥ ಅನ್ಯಾಯ ಎಂಬುದನ್ನು ಅನುಭವವಿಲ್ಲದವರಿಗೆ ತಿಳಿಸುವುದು ಕಷ್ಟ.

ಸೋಮವಾರ ಬೆಳಿಗ್ಗೆ ನಾನು ಅವನ ಬಾಟಲಿಯನ್ನು ಬರ್ಫದ ಪೆಟ್ಟಿಗೆಯಿಂದ ತೆಗೆದು ಮೋರಿಯ ಕಟ್ಟೆಯ ಮೇಲಿಟ್ಟೆ. ಬಿರಡೆ ಬಿಚ್ಚಿದೆ. ಆಗ ಅವನು ಒಳಗೆ ಬಂದ. ಕೈಯಲ್ಲಿ ಅವನ ಕೆಲಸದ ವಹಿ.

"ಕುಲಕರ್ಣಿಯವರ, ಇದು ನಿಮ್ಮ ಹತ್ರ ಇರಲಿ. ಸೋಸೂದು, ಉಪ್ಪು ಹಾಕಿ ಇಳಸೂದು, ಎಲ್ಲಾ ಬರದೀನಿ. ನನಗ ಬರಲಿಲ್ಲ, ನಿಮ್ಮ ಕೈಯಾಗ ಬರಬಹುದು. ನಿಮ್ಮ ವಾಡೇದ ಕೆಳಗಿನ ಮಾಸ್ತರರು ಹಾದಿ ಕಾಯ್ಲಿಕ್ಕೆ ಹತ್ಯಾರಂತಲ್ಲ, ವೈನಿ ಹೇಳಿದ್ರು."

ನಾನು ಆ ವಹಿಯನ್ನು ನೋಡಿದೆ. ಅದನ್ನು ತೆಗೆದುಕೊಂಡರೆ ನನ್ನ ಇನ್ಸುಲಿನ್ ಬಲವಾಗುತ್ತದೆ. ಬಲವಾದಾಗ ಎಲ್ಲರೂ, ಸುಶೀಲೆಯೂ ಮಾಸ್ತರರೂ ಉಸ್ತಾದರೂ, ಕಟ್ಟಿ ಕೊಟ್ಟುಹೋದದ್ದು ಎಂದು ಹೇಳುತ್ತಾರೆ. ಜೀವನವಿಡೀ ನಾನು ಅವನ ದಾನದ ಮೇಲೆ ಮುಖ್ಯಸ್ಥನಾಗಿ ಕೂರಬೇಕು. ಅವನು ಬೆಳಗಾವಿಯಲ್ಲಿ ಕುಳಿತು ದಿನಾಲು ನನಗಿಂತ ಒಳ್ಳೆಯವನಾಗುತ್ತಾ ಹೋಗುತ್ತಾನೆ. ಅಂತಃಕರಣ ಕಲಕಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ಕಲಕಿದ್ದು ಬೇರೆ.

"ವಹಿ ನನಗ ಬ್ಯಾಡ" ಎಂದೆ. ಬಿರಡೆಯನ್ನು ಮತ್ತೆ ಹಾಕಿದೆ. "ನಿಮ್ಮ ಮೊಲ ಗೆಣಸು ತಿಂದಿದ್ವು."

ಅವನಿಗೆ ತಿಳಿಯಲಿಲ್ಲ. ಏಕಾದಶಿ, ಸಖಾರಾಮ, ಸಿಪ್ಪೆ, ಎಲ್ಲವನ್ನೂ ಹೇಳಿದೆ. ಅವನು ಮೋರಿಯ ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. "ಮೊಲಕ್ಕ ಫರಾಳ!" ಎಂದು ಮತ್ತೆ ಮತ್ತೆ ಹೇಳಿ ನಕ್ಕ. ಆಮೇಲೆ ನಗು ತಾನಾಗಿ ನಿಂತಿತು.

"ನಿಮಗ ಯಾವಾಗ ಗೊತ್ತಾತ್ರೀ?"

"ಶುಕ್ರವಾರ ಮಧ್ಯಾಹ್ನ."

ಅವನು ಬಾಟಲಿಯನ್ನು ನೋಡಿದ, ಮೋರಿಯನ್ನು ನೋಡಿದ, ನನ್ನನ್ನು ನೋಡಿದ. ವಹಿಯನ್ನು ಮೆಲ್ಲಗೆ ಮಡಚಿ ತನ್ನ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡ. ಆ ವರ್ಷದಲ್ಲಿ ಮೊದಲ ಸಲ ಅವನು ನನಗೆ ತುಸು ಇಷ್ಟವಾದ.

ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಳಗೆ ಡಾಕ್ಟರ್ ಸಾಹೇಬರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವನು, "ಕುಲಕರ್ಣಿಯವರಿಗೆ ಈಗಷ್ಟೇ ಪಂಜರದಲ್ಲಿ ಸಿಪ್ಪೆ ಸಿಕ್ಕಿತು, ಕೂಡಲೇ ಬಂದು ಹೇಳಿದರು" ಎಂದು ಮರಾಠಿಯಲ್ಲಿ ಒಪ್ಪವಾಗಿ ಸುಳ್ಳು ಹೇಳಿದ. ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. ತನ್ನ ಗೆಲುವನ್ನು ತಾನೇ ಬಿಟ್ಟುಕೊಟ್ಟ ಇಂಥ ವಿಜ್ಞಾನಿಯನ್ನು ತಾವು ನೋಡಿಲ್ಲ ಎಂದರು. ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯವೆಂದು ತಿಳಿದರು.

ಮರುಪರೀಕ್ಷೆಗೆ ಸಾಹೇಬರು ತಮ್ಮ ಕೊನೆಯ ವಿಲಾಯತಿ ಬಾಟಲಿಯನ್ನು ಹೋಲಿಕೆಗೆಂದು ತೆರೆಯಲು ಒಪ್ಪಿದರು. ಮೊಲಗಳು ಹಸಿದಿರಬೇಕಾದ ದಿನ ನಾನು ಪಂಜರಗಳ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಸಾಹೇಬರು ಸಖಾರಾಮನಿಗೆ ಒಂದು ಮಾತೂ ಅಂದಿರಲಿಲ್ಲ. ಆದರೂ ಅವನು ಅಂದು ನನ್ನೆದುರೇ ಗೋಡೆಗೆ ಒರಗಿ ಕುಳಿತು, ಮೊಲಗಳ ಪರವಾಗಿ ತಾನೂ ಹನಿ ನೀರು ಮುಟ್ಟದೆ ನನ್ನನ್ನು ದಿಟ್ಟಿಸುತ್ತಿದ್ದ. ನಮ್ಮ ಮನೆತನದ ಏಕಾದಶಿಯನ್ನು ಪುಣೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿ ಆಚರಿಸಿದವರನ್ನು ನಾನು ಬೇರೆ ನೋಡಲಿಲ್ಲ.

ಮರುದಿನ ಕಟ್ಟಿಯ ಔಷಧ ಚುಚ್ಚಿದ ಆರು ಮೊಲಗಳಲ್ಲಿ ನಾಲ್ಕು ಎರಡನೆಯ ತಾಸಿಗೇ ಅದುರಿ ಬಿದ್ದವು. ನಾನು ಗ್ಲೂಕೋಸ್ ಹಿಡಿದು ಒಂದರಿಂದ ಒಂದಕ್ಕೆ ಓಡಿದೆ. ಉಳಿದ ಆರಕ್ಕೆ ಚುಚ್ಚಿದ ವಿಲಾಯತಿಯೊಡನೆಯೂ ನನ್ನ ಹಳೆಯ ಅಂಕಿಗಳೊಡನೆಯೂ ಲೆಕ್ಕ ಮಾಡಿ ನೋಡಿದಾಗ ಅವನದು ನನ್ನದರ ಎರಡೂವರೆ ಪಟ್ಟು ಬಲವಾಗಿತ್ತು. ಶ್ರಾವಣದ ಎರಡನೆಯ ವಾರದಿಂದ ಹಂಪಿಹೊಳಿ ಮಾಸ್ತರರು ಅದೇ ಬಾಟಲಿಯ ಇನ್ಸುಲಿನ್ ತೆಗೆದುಕೊಳ್ಳತೊಡಗಿದರು. ಕಟ್ಟಿ ಮುಖ್ಯಸ್ಥನಾದ, ನಾನು ನಾಲ್ಕು ವರ್ಷ ಅವನ ಕೈಕೆಳಗೆ ಕೆಲಸ ಮಾಡಿದೆ.